ಚಂದ್ರ ಸೂರ್ಯನತ್ತ ಏಕೆ ಹೋಗುವುದಿಲ್ಲ? ನ್ಯೂಟನ್ನನ ಗುರುತ್ವದ ಬುಡವನ್ನು ಪ್ರಶ್ನಿಸುವ ಓದುಗರಿಗೆ ಒಂದು ಉತ್ತರ

ಪ್ರಶ್ನೆ: ನ್ಯೂಟನ್ನನ ಗುರುತ್ವ ಸಿದ್ಧಾಂತದ ಬುಡವೇ ಗಟ್ಟಿಯಿಲ್ಲ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ನಡುವೆ ಏನೂ ಇಲ್ಲದೆ ಒಂದು ಕಾಯ ಇನ್ನೊಂದನ್ನು ಎಳೆಯುವುದು ಹೇಗೆ? ಗುರುತ್ವ ಸ್ಥಿರಾಂಕ ಎಂಬುದು ಲೆಕ್ಕ ತಾಳೆಯಾಗಲೆಂದು ಸೇರಿಸಿದ ಸಂಖ್ಯೆಯಲ್ಲವೇ? ಇದೇ ಸೂತ್ರದಿಂದ ಲೆಕ್ಕ ಹಾಕಿದರೆ ಚಂದ್ರನ ಮೇಲೆ ಸೂರ್ಯನ ಸೆಳೆತ ಭೂಮಿಯ ಸೆಳೆತದ ಎರಡು ಪಟ್ಟಿಗಿಂತ ಹೆಚ್ಚು ಬರುತ್ತದೆ. ಹಾಗಿದ್ದರೆ ಚಂದ್ರ ಭೂಮಿಯನ್ನು ಬಿಟ್ಟು ಹೋಗಬೇಕಿತ್ತಲ್ಲ? ಗುರುತ್ವ ಸೆಳೆತವಲ್ಲ, ಎಲ್ಲ ದಿಕ್ಕಿನಿಂದಲೂ ಬಂದು ಬಡಿಯುವ ಸೂಕ್ಷ್ಮ ಕಣಗಳ ತಳ್ಳುವಿಕೆ ಎಂಬುದು ನನ್ನ ಊಹೆ. ಎರಡು ಕಾಯಗಳು ಒಂದಕ್ಕೊಂದು ನೆರಳಾಗಿ ನಿಲ್ಲುವುದರಿಂದ ಅವುಗಳ ನಡುವೆ ತಳ್ಳುವಿಕೆ ಕಡಿಮೆಯಾಗಿ, ಹೊರಗಿನ ತಳ್ಳುವಿಕೆ ಗೆಲ್ಲುತ್ತದೆ. ಇದನ್ನು ತಜ್ಞರು ಏಕೆ ಪರಿಗಣಿಸುವುದಿಲ್ಲ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚಂದ್ರನ ಪ್ರಶ್ನೆ. ಅಲ್ಲಿಂದಲೇ ಶುರುಮಾಡುತ್ತೇನೆ. ಉಳಿದ ಮೂರು ಪ್ರಶ್ನೆಗಳಿಗೂ ದಾರಿ ಅದರೊಳಗಿಂದಲೇ ಹಾದುಹೋಗುತ್ತದೆ.

ನಿಮ್ಮ ಲೆಕ್ಕ ಸರಿಯಾಗಿದೆ. ಸೂರ್ಯನ ಸೆಳೆತದಿಂದ ಚಂದ್ರನಿಗೆ ಒದಗುವ ವೇಗೋತ್ಕರ್ಷ, ಅಂದರೆ ವೇಗ ಪ್ರತಿ ಸೆಕೆಂಡಿಗೆ ಬದಲಾಗುವ ಪ್ರಮಾಣ, ಸೆಕೆಂಡಿಗೆ ಸುಮಾರು 0.0059 ಮೀಟರ್. ಭೂಮಿಯಿಂದ ಒದಗುವುದು 0.0027 ಮಾತ್ರ. ಸೂರ್ಯನದೇ 2.2 ಪಟ್ಟು ಹೆಚ್ಚು. ತಪ್ಪಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಸೂರ್ಯ ಚಂದ್ರನೊಂದನ್ನೇ ಎಳೆಯುತ್ತಿಲ್ಲ, ಭೂಮಿಯನ್ನೂ ಎಳೆಯುತ್ತಿದ್ದಾನೆ, ಅದೂ ಹೆಚ್ಚುಕಡಿಮೆ ಅದೇ 0.0059ರ ದರದಲ್ಲಿ. ಹೊಳೆಯಲ್ಲಿ ಎರಡು ದೋಣಿಗಳು ಅಕ್ಕಪಕ್ಕದಲ್ಲಿ ತೇಲಿಹೋಗುತ್ತಿದ್ದರೆ ನೀರಿನ ಸೆಳವು ಎಷ್ಟೇ ಜೋರಾಗಿರಲಿ, ಅವು ಅಗಲುವುದಿಲ್ಲ. ಅವನ್ನು ಅಗಲಿಸಬಲ್ಲದ್ದು ಈ ದೋಣಿ ಇರುವ ಜಾಗದ ಸೆಳವಿಗೂ ಆ ದೋಣಿ ಇರುವ ಜಾಗದ ಸೆಳವಿಗೂ ಇರುವ ವ್ಯತ್ಯಾಸ ಮಾತ್ರ. ಸೂರ್ಯನ ಸೆಳೆತದಲ್ಲಿ ಆ ವ್ಯತ್ಯಾಸ ಹೆಚ್ಚೆಂದರೆ 0.00003. ಚಂದ್ರನನ್ನು ಭೂಮಿ ಹಿಡಿದಿಟ್ಟಿರುವ ಬಲದ ತೊಂಬತ್ತರಲ್ಲಿ ಒಂದು ಪಾಲು. ಹಾಗಾಗಿ ಭೂಮಿ ಗೆಲ್ಲುತ್ತದೆ.

ಇಲ್ಲಿ ನಮ್ಮನ್ನು ದಾರಿ ತಪ್ಪಿಸುವುದು ಪಠ್ಯಪುಸ್ತಕಗಳ ಚಿತ್ರ. ಭೂಮಿಯ ಸುತ್ತ ಚಂದ್ರ ಸುರುಳಿ ಸುತ್ತುತ್ತಾ ಹೋಗುವಂತೆ ಅವು ತೋರಿಸುತ್ತವೆ. ಸರಿಯಾದ ಅಳತೆಯಲ್ಲಿ ಚಂದ್ರನ ವರ್ಷದ ದಾರಿಯನ್ನು ಕಾಗದದ ಮೇಲೆ ಬರೆದು ನೋಡಿ. ಅದು ಭೂಮಿಯ ದಾರಿಗೆ ಅಂಟಿಕೊಂಡಂತಿರುವ ವೃತ್ತದಂಥ ಗೆರೆ. ಅದು ಯಾವ ಜಾಗದಲ್ಲೂ ಸೂರ್ಯನಿಗೆ ಬೆನ್ನು ಹಾಕಿ ಹೊರಕ್ಕೆ ಬಾಗುವುದಿಲ್ಲ, ಬಾಗಿದಲ್ಲೆಲ್ಲ ಸೂರ್ಯನ ಕಡೆಗೇ ಬಾಗುತ್ತದೆ. ನೀವು ಹೇಳಿದ ಆ 2.2 ಪಟ್ಟಿನ ಅರ್ಥ ಇದೇ. ಚಂದ್ರ ಸೂರ್ಯನತ್ತ ಬೀಳುತ್ತಲೇ ಇದ್ದಾನೆ, ಭೂಮಿಯೂ ಜೊತೆಗೇ ಬೀಳುತ್ತಿದೆ.

ಈಗ ಇದೇ ಚಂದ್ರನಿಂದ ನ್ಯೂಟನ್ ಮಾಡಿದ ಪರೀಕ್ಷೆಯನ್ನು ಕೈಯಾರೆ ಮಾಡಿ ನೋಡೋಣ. ಕಾಗದ, ಪೆನ್ಸಿಲ್ ಸಾಕು. ನೆಲದ ಹತ್ತಿರ ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರ ಇರುವುದು ಭೂಮಿಯ ಕೇಂದ್ರದಿಂದ ಸುಮಾರು 60 ಭೂತ್ರಿಜ್ಯಗಳ ದೂರದಲ್ಲಿ. ದೂರದ ವರ್ಗಕ್ಕೆ ತಕ್ಕಂತೆ ಸೆಳೆತ ಕುಗ್ಗುವುದಾದರೆ ಅಲ್ಲಿ ಅದು 3600ರಲ್ಲಿ ಒಂದು ಪಾಲಾಗಬೇಕು. 4.9 ಮೀಟರನ್ನು 3600ರಿಂದ ಭಾಗಿಸಿದರೆ 1.36 ಮಿಲಿಮೀಟರ್. ಇದು ನಿಯಮ ಹೇಳುವ ಮಾತು. ಇನ್ನು ಆಕಾಶ ಹೇಳುವ ಮಾತು: ಚಂದ್ರ 27.3 ದಿನಗಳಲ್ಲಿ ಒಂದು ಸುತ್ತು ಬರುತ್ತಾನೆ, ಕಕ್ಷೆಯ ತ್ರಿಜ್ಯ 3,84,400 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 1.02 ಕಿಲೋಮೀಟರ್ ಓಟ. ಆ ಒಂದು ಸೆಕೆಂಡಿನಲ್ಲಿ ಅವನು ನೇರ ಗೆರೆಯಿಂದ ಭೂಮಿಯ ಕಡೆಗೆ ಎಷ್ಟು ಜಾರಿದ ಎಂದು ತಿಳಿಯಲು ಓಡಿದ ದೂರದ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ. ಬರುವುದು 1.36 ಮಿಲಿಮೀಟರ್.

ಗಮನಿಸಿ, ಈ ಲೆಕ್ಕದಲ್ಲಿ ಗುರುತ್ವ ಸ್ಥಿರಾಂಕ ಎಲ್ಲಿಯೂ ಬರಲಿಲ್ಲ. ಭೂಮಿಯ ದ್ರವ್ಯರಾಶಿ ಬರಲಿಲ್ಲ, ಚಂದ್ರನ ದ್ರವ್ಯರಾಶಿಯೂ ಬರಲಿಲ್ಲ. ಕೈಯಿಂದ ಜಾರಿದ ಕಲ್ಲೂ ಆಕಾಶದ ಚಂದ್ರನೂ ಒಂದೇ ನಿಯಮಕ್ಕೆ ಬೀಳುತ್ತವೆ ಎಂಬುದು ಬರೀ ದೂರ ಮತ್ತು ಕಾಲದ ಅಳತೆಯಿಂದ ಹೊರಬಿತ್ತು. ನಾನು ಮೊದಲ ಸಲ ಈ ಲೆಕ್ಕ ಮಾಡಿದ್ದು ವಿದ್ಯಾರ್ಥಿಯಾಗಿದ್ದಾಗ. ಎರಡು ಕಡೆಯಿಂದಲೂ ಅದೇ ಅಂಕಿ ಬಂದಾಗ ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕುಳಿತಿದ್ದು ಇನ್ನೂ ನೆನಪಿದೆ.

ಹಾಗೆಂದು ಚಂದ್ರ ನ್ಯೂಟನ್ನನಿಗೆ ಸುಲಭವಾಗಿ ಒಲಿಯಲಿಲ್ಲ. ನಾನು ಮೇಲೆ ಹೇಳಿದ ಆ ತೊಂಬತ್ತರಲ್ಲಿ ಒಂದು ಪಾಲು ಇದೆಯಲ್ಲ, ಅದು ಚಂದ್ರನ ಕಕ್ಷೆಯನ್ನು ಮೆಲ್ಲಗೆ ತಿರುಗಿಸುತ್ತದೆ. ಚಂದ್ರ ಭೂಮಿಯಿಂದ ಅತಿ ದೂರ ಹೋಗುವ ಬಿಂದು ಸುಮಾರು 8.85 ವರ್ಷಗಳಿಗೊಮ್ಮೆ ಆಕಾಶದ ಸುತ್ತ ಒಂದು ಪ್ರದಕ್ಷಿಣೆ ಮುಗಿಸುತ್ತದೆ. ಫ್ರಾನ್ಸಿನ ಗಣಿತಜ್ಞ ಅಲೆಕ್ಸಿಸ್ ಕ್ಲೇರೋ ಲೆಕ್ಕ ಮಾಡಿದಾಗ ಸಿದ್ಧಾಂತದಿಂದ ಬಂದದ್ದು ಅದರ ಅರ್ಧ ವೇಗ ಮಾತ್ರ. ಅರ್ಧ ಎಂದರೆ ಕಣ್ತಪ್ಪಿನ ಮಾತಲ್ಲ. 1747ರ ನವೆಂಬರಿನಲ್ಲಿ ಅವನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ನಿಂತು, ವಿಲೋಮ ವರ್ಗ ನಿಯಮ (ದೂರದ ವರ್ಗಕ್ಕೆ ತಕ್ಕಂತೆ ಸೆಳೆತ ಕುಗ್ಗುತ್ತದೆ ಎಂಬ ನಿಯಮ) ಪೂರ್ತಿ ಸರಿಯಲ್ಲ, ಅದಕ್ಕೆ ದೂರದ ನಾಲ್ಕನೇ ಘಾತಕ್ಕೆ ತಕ್ಕಂತೆ ಕುಗ್ಗುವ ಇನ್ನೊಂದು ಪದ ಸೇರಬೇಕು ಎಂದು ಸಾರಿದ. ಬುಡಕ್ಕೇ ಕೈಹಾಕಿದ ಮಾತು ಅದು, ಯಾರೂ ಅವನ ಬಾಯಿ ಮುಚ್ಚಿಸಲಿಲ್ಲ. ಆಮೇಲೆ ಅವನು ತನ್ನದೇ ಲೆಕ್ಕವನ್ನು ಮತ್ತೆ ಕೆದಕಿದ. ತೀರಾ ಚಿಕ್ಕದೆಂದು ಬಿಟ್ಟಿದ್ದ ಪದಗಳನ್ನು ಉಳಿಸಿಕೊಂಡು ಮುಂದಿನ ಹಂತದವರೆಗೆ ಹೋದಾಗ ಉಳಿದರ್ಧ ಅಲ್ಲಿಂದಲೇ ಸಿಕ್ಕಿತು. 1749ರ ಮೇ ತಿಂಗಳಲ್ಲಿ ತನ್ನ ಮಾತನ್ನು ತಾನೇ ಹಿಂತೆಗೆದುಕೊಂಡ. ನನಗೆ ಕ್ಲೇರೋ ಮೇಲೆ ಅಪಾರ ಗೌರವ. ಸಂದೇಹಪಟ್ಟಿದ್ದಕ್ಕೂ ಗೌರವ, ಸಂದೇಹವನ್ನು ಕೊನೆಯ ದಶಾಂಶದವರೆಗೆ ಬೆನ್ನಟ್ಟಿದ್ದಕ್ಕೆ ಇನ್ನೂ ಹೆಚ್ಚು ಗೌರವ.

ಗುರುತ್ವ ಸ್ಥಿರಾಂಕದ ಬಗ್ಗೆ ಹೇಳುತ್ತೇನೆ. ನ್ಯೂಟನ್ ಆ ಸ್ಥಿರಾಂಕವನ್ನು ಬರೆಯಲೇ ಇಲ್ಲ. 1687ರ ಅವನ ಗ್ರಂಥದಲ್ಲಿರುವುದೆಲ್ಲ ಅನುಪಾತಗಳು. ಇದು ಅದರ ಎಷ್ಟು ಪಟ್ಟು, ಅದು ಇದರ ಎಷ್ಟನೇ ಪಾಲು ಎಂಬ ಮಾತುಗಳಷ್ಟೇ. ಗ್ರಹಗಳ ಚಲನೆಗೆ ಅಷ್ಟೇ ಸಾಕು. ಕಿಲೋಗ್ರಾಂ, ಮೀಟರ್, ಸೆಕೆಂಡ್ ಎಂದು ನಾವು ಆರಿಸಿಕೊಂಡ ಮಾನಗಳಲ್ಲಿ ಬಲವನ್ನು ಹೇಳಬೇಕಾದಾಗ ಮಾತ್ರ ಆ ಸಂಖ್ಯೆ ಬೇಕಾಗುತ್ತದೆ. ಲೆಕ್ಕ ತಾಳೆಯಾಗಲೆಂದು ಸೇರಿಸಿದ ಸಂಖ್ಯೆ ಪ್ರತಿ ಸಂದರ್ಭಕ್ಕೂ ಬದಲಾಗಬೇಕಾಗುತ್ತದೆ. ಇದು ಸೀಸದ ಗುಂಡಿಗೂ ಗುರುಗ್ರಹಕ್ಕೂ ಒಂದೇ.

ಸೀಸದ ಗುಂಡಿನ ಮಾತು ಸುಮ್ಮನೆ ಎತ್ತಲಿಲ್ಲ. 1798ರಲ್ಲಿ ಹೆನ್ರಿ ಕ್ಯಾವೆಂಡಿಷ್, ಗೆಳೆಯ ಜಾನ್ ಮಿಚೆಲ್ ಯೋಚಿಸಿ ಕಟ್ಟಿ ಬಿಟ್ಟುಹೋಗಿದ್ದ ಉಪಕರಣವನ್ನು ತಿದ್ದಿ ಈ ಸೆಳೆತವನ್ನು ಕೋಣೆಯೊಳಗೆ ಅಳೆದ. ತೆಳುವಾದ ತಂತಿಯಲ್ಲಿ ನೇತುಬಿಟ್ಟ ಆರು ಅಡಿಯ ಮರದ ತೊಲೆ. ಅದರ ತುದಿಗಳಲ್ಲಿ ಮುಕ್ಕಾಲು ಕಿಲೋ ತೂಗುವ ಎರಡು ಚಿಕ್ಕ ಸೀಸದ ಗುಂಡುಗಳು. ಅವುಗಳ ಪಕ್ಕಕ್ಕೆ ತಂದು ನಿಲ್ಲಿಸಲು ಒಂದೊಂದೂ 158 ಕಿಲೋ ತೂಗುವ ಎರಡು ದೊಡ್ಡ ಗುಂಡುಗಳು. ದೊಡ್ಡದು ಚಿಕ್ಕದನ್ನು ಎಳೆಯುವ ಬಲ ಎಷ್ಟಿತ್ತೆಂದರೆ, ಒಂದು ಗ್ರಾಂ ತೂಕವನ್ನು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದೂವರೆ ಭಾಗ. ಕೋಣೆಯೊಳಗೆ ಮನುಷ್ಯನೊಬ್ಬ ನಿಂತರೆ ಅವನ ಮೈಯ ಬಿಸಿಗೇ ಗಾಳಿ ಸುಳಿದು ತೊಲೆ ಅಲುಗುತ್ತದೆ. ಅದಕ್ಕೆಂದೇ ಕ್ಯಾವೆಂಡಿಷ್ ಬಾಗಿಲು ಮುಚ್ಚಿ, ಹೊರಗಿನಿಂದ ದೂರದರ್ಶಕದಲ್ಲಿ ತೊಲೆಯ ತುದಿಯನ್ನು ನೋಡುತ್ತಿದ್ದ. ಇಂಥದೇ ಪ್ರಯೋಗದ ಚಿಕ್ಕ ರೂಪವನ್ನು ವಿದ್ಯಾರ್ಥಿಗಳ ಜೊತೆ ನಾನು ಹಲವು ಬಾರಿ ಮಾಡಿದ್ದೇನೆ. ತೊಲೆಗೆ ಅಂಟಿಸಿದ ಕನ್ನಡಿಯಿಂದ ಗೋಡೆಗೆ ಬೀಳುವ ಬೆಳಕಿನ ಚುಕ್ಕೆ, ಗುಂಡುಗಳನ್ನು ಸರಿಸಿದ ಕೆಲವು ನಿಮಿಷಗಳ ನಂತರ ಮೆಲ್ಲನೆ, ಬಹಳ ಮೆಲ್ಲನೆ ಪಕ್ಕಕ್ಕೆ ನಡೆಯತೊಡಗುತ್ತದೆ. ಆ ಕ್ಷಣದಲ್ಲಿ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ.

ಕ್ಯಾವೆಂಡಿಷ್ ವರದಿ ಮಾಡಿದ್ದು ಸ್ಥಿರಾಂಕವನ್ನಲ್ಲ, ಭೂಮಿಯ ಸಾಂದ್ರತೆಯನ್ನು: ನೀರಿನ 5.48 ಪಟ್ಟು. ಇಂದಿನ ಬೆಲೆ 5.51. ಮೇಲ್ಮೈಯ ಬಂಡೆಗಳ ಸಾಂದ್ರತೆ ಇದರ ಅರ್ಧದಷ್ಟು ಮಾತ್ರ ಇರುವುದರಿಂದ ಭೂಮಿಯ ಒಳಗೆ ಏನೋ ಬಹಳ ಭಾರವಾದದ್ದು ಇರಲೇಬೇಕು. ನೂರು ವರ್ಷಗಳ ನಂತರ ಭೂಕಂಪದ ಅಲೆಗಳು ಅಂಥ ತಿರುಳನ್ನು ತೋರಿಸಿಕೊಟ್ಟವು. ಸೀಸದ ಗುಂಡಿಗೂ ಭೂಕಂಪಕ್ಕೂ ಏನು ನಂಟು? ಸ್ಥಿರಾಂಕ ಕಲ್ಪಿತವಾಗಿದ್ದರೆ ಇವೆರಡೂ ಒಂದನ್ನೊಂದು ಒಪ್ಪುವ ಕಾರಣವೇ ಇರಲಿಲ್ಲ. ಆದರೂ ಇಲ್ಲಿ ಒಂದು ನಿಜವಾದ ಕೊರತೆ ಇದೆ, ಅದನ್ನು ಮುಚ್ಚಿಡಲಾರೆ. ಭೌತವಿಜ್ಞಾನದ ಮೂಲ ಸ್ಥಿರಾಂಕಗಳಲ್ಲಿ ತೀರಾ ಕಡಿಮೆ ನಿಖರವಾಗಿ ಗೊತ್ತಿರುವವುಗಳಲ್ಲಿ ಇದೂ ಒಂದು. ಬೇರೆಬೇರೆ ಪ್ರಯೋಗಾಲಯಗಳು ಕೊಡುವ ಬೆಲೆಗಳು ತಾವೇ ಹೇಳಿಕೊಳ್ಳುವ ದೋಷಮಿತಿಯನ್ನು ಮೀರಿ ಒಂದಕ್ಕೊಂದು ದೂರ ನಿಲ್ಲುತ್ತವೆ. ಅಳತೆ ಕಷ್ಟದ್ದು ಎಂಬುದಕ್ಕಿಂತ ಆಳವಾದ ಕಾರಣ ಇದಕ್ಕಿದೆಯೆಂದು ನನಗೆ ಅನ್ನಿಸುವುದಿಲ್ಲ.

ಖಾಲಿ ಜಾಗದ ಮೂಲಕ ಎಳೆಯುವುದು ಹೇಗೆ ಎಂದು ಕೇಳಿದಿರಿ. ಈ ಆಕ್ಷೇಪವನ್ನು ನಿಮಗಿಂತ ಕಟುವಾಗಿ ಹೇಳಿದವನು ಸ್ವತಃ ನ್ಯೂಟನ್. 1693ರಲ್ಲಿ ರಿಚರ್ಡ್ ಬೆಂಟ್ಲಿ ಎಂಬ ವಿದ್ವಾಂಸನಿಗೆ ಬರೆದ ಪತ್ರದಲ್ಲಿ, ಮಧ್ಯೆ ಯಾವುದರ ನೆರವೂ ಇಲ್ಲದೆ ಶೂನ್ಯದ ಮೂಲಕ ಒಂದು ಕಾಯ ದೂರದ ಇನ್ನೊಂದರ ಮೇಲೆ ಪ್ರಭಾವ ಬೀರುತ್ತದೆ ಎಂಬುದು ಎಂಥ ಅಸಂಬದ್ಧ ಮಾತೆಂದರೆ, ಯೋಚಿಸುವ ಶಕ್ತಿಯುಳ್ಳ ಯಾರೂ ಅದನ್ನು ನಂಬಲಾರರು ಎಂಬರ್ಥದಲ್ಲಿ ಬರೆದ. ಗುರುತ್ವದ ಕಾರಣ ತನಗೆ ಸಿಕ್ಕಿಲ್ಲ, ಅದರ ಬಗ್ಗೆ ಊಹೆ ಕಟ್ಟುವುದಿಲ್ಲ ಎಂದು 1713ರ ಎರಡನೇ ಆವೃತ್ತಿಯಲ್ಲಿ ಅಚ್ಚುಹಾಕಿಸಿದ. ನಿಯಮ ಎಷ್ಟು ಬಲವಾಗಿ ಕೆಲಸ ಮಾಡಿತೆಂದರೆ, ಮುಂದಿನ ಪೀಳಿಗೆಗಳು ಈ ಮುಜುಗರವನ್ನು ಮರೆತವು. ನೀವು ಮರೆತಿಲ್ಲ. ಅದು ಒಳ್ಳೆಯದು.

ಈ ಮುಜುಗರಕ್ಕೆ ಇನ್ನೊಂದು ಮುಖವಿದೆ. ನ್ಯೂಟನ್ನನ ಸೂತ್ರದಲ್ಲಿ ದೂರ ಇದೆ, ಕಾಲ ಇಲ್ಲ. ಸೂರ್ಯ ಈಗ ಒಂದಿಷ್ಟು ಸರಿದರೆ ಭೂಮಿಗೆ ಆ ಕ್ಷಣವೇ ಗೊತ್ತಾಗಬೇಕು. ಸುದ್ದಿ ತಲುಪಲು ಹೊತ್ತು ಹಿಡಿಯುತ್ತದೆ ಎಂದುಕೊಂಡು ಸೂತ್ರಕ್ಕೆ ಸುಮ್ಮನೆ ವಿಳಂಬವೊಂದನ್ನು ಸೇರಿಸಿದರೆ ಬಲದ ದಿಕ್ಕು ಚೂರು ಓರೆಯಾಗುತ್ತದೆ, ಕಕ್ಷೆಗಳು ಸ್ಥಿರವಾಗಿ ಉಳಿಯುವುದಿಲ್ಲ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಇದನ್ನು ಲೆಕ್ಕಹಾಕಿ, ಗುರುತ್ವಕ್ಕೆ ವೇಗ ಅಂತ ಇದ್ದರೆ ಅದು ಬೆಳಕಿನ ವೇಗದ 70 ಲಕ್ಷ ಪಟ್ಟಿಗಿಂತ ಹೆಚ್ಚಿರಬೇಕು ಎಂದ. ಉತ್ತರ ಸಿಕ್ಕಿದ್ದು ಐನ್‌ಸ್ಟೈನ್ ಕಟ್ಟಿದ ಗುರುತ್ವದ ಹೊಸ ಸಿದ್ಧಾಂತವಾದ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಲ್ಲಿ. ಅದರಲ್ಲಿ ಗುರುತ್ವದ ಬದಲಾವಣೆಗಳು ಬೆಳಕಿನ ವೇಗದಲ್ಲೇ ಸಾಗುತ್ತವೆ, ಆದರೆ ಬಲ ಎಳೆಯುವ ಕಾಯದ ವೇಗವನ್ನೂ ಅವಲಂಬಿಸಿರುವುದರಿಂದ ಆ ಓರೆ ಹೆಚ್ಚುಕಡಿಮೆ ಪೂರ್ತಿ ಅಳಿಸಿಹೋಗುತ್ತದೆ. 2017ರ ಆಗಸ್ಟ್ 17ರಂದು, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದದ್ದರ ಗುರುತ್ವ ತರಂಗ ಭೂಮಿಯನ್ನು ತಲುಪಿತು. ಗಾಮಾ ಕಿರಣ ಬಂದದ್ದು ಅದಾದ 1.7 ಸೆಕೆಂಡಿಗೆ. 13 ಕೋಟಿ ವರ್ಷಗಳ ಓಟದಲ್ಲಿ ಎರಡು ಸೆಕೆಂಡಿನ ಅಂತರವೂ ಇಲ್ಲ.

ಈಗ ನಿಮ್ಮ ತಳ್ಳುವ ಕಣಗಳು. ಇದನ್ನು ಪರಿಗಣಿಸಿಲ್ಲ ಎಂಬುದು ನಿಜವಲ್ಲ. ನ್ಯೂಟನ್ನನ ಗೆಳೆಯ ನಿಕೊಲಾ ಫಾತಿಯೊ 1690ರಲ್ಲೇ ಇದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ. ಹದಿನೆಂಟನೇ ಶತಮಾನದಲ್ಲಿ ಜಿನೀವಾದ ಲ ಸಾಜ್ ಬದುಕಿನ ಬಹುಭಾಗವನ್ನು ಇದಕ್ಕೇ ಕೊಟ್ಟ. ಈ ಊಹೆಯ ಸೊಗಸು ನನಗೂ ಗೊತ್ತು. ದೂರ ಹೆಚ್ಚಿದಂತೆ ನೆರಳಿನ ಕೋನ ದೂರದ ವರ್ಗಕ್ಕೆ ತಕ್ಕಂತೆ ಕಿರಿದಾಗುವುದರಿಂದ ವಿಲೋಮ ವರ್ಗ ನಿಯಮ ತಾನಾಗಿಯೇ ಬಂದುಬಿಡುತ್ತದೆ. ಶೂನ್ಯದ ಮೂಲಕ ಎಳೆಯುವ ರಗಳೆಯೂ ಇಲ್ಲ.

ತೊಡಕು ಶುರುವಾಗುವುದು ಕಾಯಗಳು ಚಲಿಸಿದಾಗ. ಮಳೆಯಲ್ಲಿ ಓಡುವವನ ಎದೆಗೆ ಬಡಿಯುವಷ್ಟು ಹನಿ ಬೆನ್ನಿಗೆ ಬಡಿಯುವುದಿಲ್ಲ. ಭೂಮಿ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಎದುರಿನಿಂದ ಬರುವ ಕಣಗಳು ಹಿಂದಿನಿಂದ ಬರುವವುಗಳಿಗಿಂತ ಜೋರಾಗಿ ತಳ್ಳಬೇಕು, ಭೂಮಿಯ ಓಟ ನಿಧಾನವಾಗುತ್ತಾ ಬರಬೇಕು. ಹಾಗಾಗುತ್ತಿಲ್ಲ. ಇದರಿಂದ ಪಾರಾಗಲು ಕಣಗಳ ವೇಗವನ್ನು ಊಹಿಸಲಾಗದಷ್ಟು ಹೆಚ್ಚಿಸಿ, ಆಗ 30 ಕಿಲೋಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ಆದರೆ ವೇಗ ಹೆಚ್ಚಿದಷ್ಟೂ ಅವು ಹೊತ್ತು ತರುವ ಶಕ್ತಿಯೂ ಹೆಚ್ಚು. ಆ ಕಣಗಳನ್ನು ಭೂಮಿ ನುಂಗಿಕೊಂಡರೆ ಶಕ್ತಿಯೆಲ್ಲ ಶಾಖವಾಗಿ, ಭೂಮಿ ಕ್ಷಣಮಾತ್ರದಲ್ಲಿ ಆವಿಯಾಗಬೇಕು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಮತ್ತು ಗಣಿತಜ್ಞ ಪ್ವಾಂಕರೆ ಈ ಊಹೆಯನ್ನು ಬಿಟ್ಟದ್ದು ಇಲ್ಲಿಯೇ. ನುಂಗುವುದು ಬೇಡ, ಕಣಗಳು ಬಡಿದು ಅದೇ ವೇಗದಲ್ಲಿ ಪುಟಿದುಹೋಗಲಿ ಎನ್ನುತ್ತೀರಾ? ಆಗ ಒಂದು ಕಾಯದಿಂದ ಪುಟಿದ ಕಣಗಳೇ ಇನ್ನೊಂದರ ಮೇಲಿನ ನೆರಳನ್ನು ತುಂಬಿಬಿಡುತ್ತವೆ, ಸೆಳೆತವೇ ಉಳಿಯುವುದಿಲ್ಲ. ಒಂದು ತೂತು ಮುಚ್ಚಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತದೆ. ಇದರ ಮೇಲೆ ಗ್ರಹಣದ ಪ್ರಶ್ನೆ. ಚಂದ್ರಗ್ರಹಣದ ಹೊತ್ತಿನಲ್ಲಿ ಸೂರ್ಯನಿಗೂ ಚಂದ್ರನಿಗೂ ನಡುವೆ ಭೂಮಿ ನಿಂತಿರುತ್ತದೆ. ನೆರಳಿನ ಮೇಲೆ ನೆರಳು ಬಿದ್ದಾಗ ಎರಡೂ ಪೂರ್ತಿಯಾಗಿ ಕೂಡುವುದಿಲ್ಲ, ಆದ್ದರಿಂದ ಚಂದ್ರನ ಮೇಲಿನ ಸೆಳೆತ ಆಗ ಕುಗ್ಗಬೇಕು. ಚಂದ್ರನ ದೂರವನ್ನು ನಾವು ಈಗ ಸೆಂಟಿಮೀಟರಿಗಿಂತ ಸೂಕ್ಷ್ಮವಾಗಿ ಅಳೆಯಬಲ್ಲೆವು. ಅಂಥ ಕುಗ್ಗುವಿಕೆ ಕಂಡಿಲ್ಲ.

ನೀವು ಇಷ್ಟೆಲ್ಲ ಕಲ್ಲುಗಳನ್ನು ಅಲುಗಾಡಿಸಿ ನೋಡಿದಿರಿ, ಆದರೆ ನಿಜಕ್ಕೂ ಅಲುಗುವ ಕಲ್ಲನ್ನು ದಾಟಿಕೊಂಡು ಹೋದಿರಿ. ಈ ಪತ್ರ ಬರೆಯುತ್ತಿರುವುದೇ ಅದನ್ನು ತೋರಿಸಲಿಕ್ಕಾಗಿ. ಚಂದ್ರನೂ ಭೂಮಿಯೂ ಸೂರ್ಯನತ್ತ ಒಂದೇ ದರದಲ್ಲಿ ಬೀಳುತ್ತವೆ ಎಂದು ಆರಂಭದಲ್ಲಿ ಹೇಳಿದೆ, ನೀವೂ ತಲೆದೂಗಿರಬಹುದು. ಏಕೆ ಬೀಳಬೇಕು? ಭೂಮಿಯ ದ್ರವ್ಯರಾಶಿ ಚಂದ್ರನದರ 81 ಪಟ್ಟು. ನ್ಯೂಟನ್ನನ ಸಿದ್ಧಾಂತದಲ್ಲಿ ದ್ರವ್ಯರಾಶಿ ಎರಡು ಬೇರೆ ಕೆಲಸ ಮಾಡುತ್ತದೆ. ತಳ್ಳಿದಾಗ ಕದಲಲು ಹಟಮಾಡುವುದು ಒಂದು, ಅದು ಜಡತ್ವದ ದ್ರವ್ಯರಾಶಿ. ಗುರುತ್ವದ ಸೆಳೆತಕ್ಕೆ ಓಗೊಡುವುದು ಇನ್ನೊಂದು. ವಿದ್ಯುದಾವೇಶಕ್ಕೂ ಜಡತ್ವಕ್ಕೂ ಯಾವ ಸಂಬಂಧವೂ ಇಲ್ಲದಂತೆ ಈ ಎರಡಕ್ಕೂ ಸಂಬಂಧ ಇಲ್ಲದೆ ಇರಬಹುದಿತ್ತು. ಆದರೆ ಎರಡೂ ಎಲ್ಲ ವಸ್ತುಗಳಲ್ಲೂ ಸರಿಸಮ. ಸಿದ್ಧಾಂತದೊಳಗೆ ಇದಕ್ಕೆ ಕಾರಣವೇ ಇಲ್ಲ. ಕಾಕತಾಳೀಯದಂತೆ ಅದು ಅಲ್ಲಿ ಕುಳಿತಿದೆ.

ನ್ಯೂಟನ್ ಇದನ್ನು ಕಂಡಿದ್ದ, ಹಾಗೆಂದೇ ಪರೀಕ್ಷಿಸಿದ. ಒಂದೇ ಅಳತೆಯ ಎರಡು ದುಂಡನೆಯ ಮರದ ಡಬ್ಬಿಗಳನ್ನು 11 ಅಡಿಯ ದಾರಗಳಲ್ಲಿ ಲೋಲಕಗಳಂತೆ ತೂಗುಹಾಕಿದ. ಒಂದರಲ್ಲಿ ಮರ, ಇನ್ನೊಂದರಲ್ಲಿ ಅಷ್ಟೇ ತೂಕದ ಚಿನ್ನ. ಹೊರಗಿನಿಂದ ಎರಡೂ ಒಂದೇ ರೀತಿ ಇರುವುದರಿಂದ ಗಾಳಿಯ ತಡೆಯೂ ಒಂದೇ. ಚಿನ್ನಕ್ಕೂ ಮರಕ್ಕೂ ಗುರುತ್ವ ಬೇರೆ ರೀತಿ ಅನ್ವಯಿಸಿದರೆ ಒಂದು ಲೋಲಕ ಹಿಂದೆ ಬೀಳಬೇಕು. ಎರಡೂ ಜೊತೆಜೊತೆಯಾಗಿಯೇ ಬಹಳ ಹೊತ್ತು ತೂಗಾಡಿದವು. ಬೆಳ್ಳಿ, ಸೀಸ, ಗಾಜು, ಮರಳು, ಉಪ್ಪು, ನೀರು, ಗೋಧಿ ಎಲ್ಲವನ್ನೂ ಹಾಕಿ ನೋಡಿದ. ಸಾವಿರದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವಿದ್ದರೂ ತನಗೆ ಗೊತ್ತಾಗುತ್ತಿತ್ತು ಎಂದು ಬರೆದ. ಆ ಪರೀಕ್ಷೆ ಇನ್ನೂ ಮುಗಿದಿಲ್ಲ. ಹಂಗೆರಿಯ ಎಟ್ವೆಶ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅದನ್ನು ಕೋಟಿಯಲ್ಲೊಂದು ಪಾಲಿಗಿಂತ ಸೂಕ್ಷ್ಮಕ್ಕೆ ಒಯ್ದ. ಚಂದ್ರನ ಮೇಲೆ 1969ರಿಂದ ಇಟ್ಟಿರುವ ಪ್ರತಿಫಲಕಗಳಿಗೆ ಲೇಸರ್ ಹಾಯಿಸಿ, ಭೂಮಿಯೂ ಚಂದ್ರನೂ ಸೂರ್ಯನತ್ತ ಬೀಳುವ ದರ ಒಂದೇ ಎಂದು ಹತ್ತು ಲಕ್ಷ ಕೋಟಿಯಲ್ಲಿ ಕೆಲವೇ ಪಾಲಿನ ಮಟ್ಟಿಗೆ ತೋರಿಸಲಾಗಿದೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಪ್ರಯೋಗ ಇನ್ನೊಂದಿಲ್ಲ. 2016ರಲ್ಲಿ ಹಾರಿಸಿದ ಮೈಕ್ರೋಸ್ಕೋಪ್ ಎಂಬ ಉಪಗ್ರಹ ಟೈಟಾನಿಯಂ ಮತ್ತು ಪ್ಲಾಟಿನಂ ಮಿಶ್ರಲೋಹಗಳ ಉರುಳೆಗಳನ್ನು ಬೀಳಿಸಿ, ಒಂದರ ಮುಂದೆ ಹದಿನೈದು ಸೊನ್ನೆ ಹಾಕಿದ ಸಂಖ್ಯೆಯಲ್ಲಿ ಕೆಲವೇ ಪಾಲಿನ ಮಟ್ಟದವರೆಗೆ ಹೋಯಿತು. ವ್ಯತ್ಯಾಸ ಸಿಗಲಿಲ್ಲ.

1907ರಲ್ಲಿ, ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸಮಾಡುತ್ತಿದ್ದ ಐನ್‌ಸ್ಟೈನ್ ಕೈಹಾಕಿದ್ದು ಈ ಕಲ್ಲಿಗೆ. ಮೇಲಿನಿಂದ ಬೀಳುತ್ತಿರುವವನಿಗೆ ತನ್ನ ತೂಕವೇ ಗೊತ್ತಾಗುವುದಿಲ್ಲ, ಏಕೆಂದರೆ ಅವನ ಜೊತೆಯಲ್ಲಿ ಎಲ್ಲವೂ ಅದೇ ದರದಲ್ಲಿ ಬೀಳುತ್ತಿರುತ್ತದೆ. ಯಾವ ವಸ್ತುವೆಂಬ ಭೇದವೇ ಇಲ್ಲದೆ ಎಲ್ಲವೂ ಒಂದೇ ದಾರಿ ಹಿಡಿಯುವುದಾದರೆ ಆ ದಾರಿ ವಸ್ತುವಿನ ಗುಣವಲ್ಲ, ಅದು ಸಾಗುವ ದೇಶಕಾಲದ, ಅಂದರೆ ಜಾಗ ಮತ್ತು ಕಾಲ ಒಂದಾಗಿ ಹೆಣೆದ ಹಂದರದ ಗುಣ. ಇಷ್ಟು ಹೊಳೆದ ಮೇಲೆ ಅದನ್ನು ಗಣಿತವಾಗಿಸಲು ಅವನಿಗೂ ಎಂಟು ವರ್ಷ ಹಿಡಿಯಿತು. ಶೂನ್ಯದ ಮೂಲಕ ಎಳೆಯುವವರು ಯಾರೂ ಇಲ್ಲ. ಸೂರ್ಯ ತನ್ನ ಸುತ್ತಲ ದೇಶಕಾಲವನ್ನು ಬಾಗಿಸುತ್ತಾನೆ, ಭೂಮಿ ತಾನಿರುವ ಜಾಗದ ಬಾಗನ್ನು ಅನುಸರಿಸುತ್ತದೆ. ಬೆಂಟ್ಲಿಗೆ ಬರೆದ ಪತ್ರದ ಅಸಮಾಧಾನಕ್ಕೆ 222 ವರ್ಷಗಳ ನಂತರ ಉತ್ತರ ಸಿಕ್ಕಿತು.

ಆ ಉತ್ತರವನ್ನು ಒರೆಗೆ ಹಚ್ಚಿದ್ದು ಬುಧಗ್ರಹ. ಬುಧನ ದೀರ್ಘವೃತ್ತದ ಕಕ್ಷೆಯೂ ಮೆಲ್ಲಗೆ ತಿರುಗುತ್ತದೆ. ಬೇರೆ ಗ್ರಹಗಳ ಸೆಳೆತವನ್ನೆಲ್ಲ ಲೆಕ್ಕ ಹಿಡಿದ ಮೇಲೂ ಶತಮಾನಕ್ಕೆ 43 ಆರ್ಕ್ ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್ ಸೆಕೆಂಡ್) ಉಳಿದುಬಿಡುತ್ತದೆ. ಇದು ಎಷ್ಟು ಚಿಕ್ಕದೆಂದರೆ, ಈ ದರದಲ್ಲಿ ಹುಣ್ಣಿಮೆ ಚಂದ್ರನ ಅಗಲದಷ್ಟು ತಿರುಗಲು ನಾಲ್ಕು ಸಾವಿರ ವರ್ಷ ಬೇಕು. ಇದನ್ನು 1859ರಲ್ಲಿ ಮೊದಲು ಎತ್ತಿ ತೋರಿಸಿದ ಫ್ರಾನ್ಸಿನ ಖಗೋಳಜ್ಞ ಲವೇರಿಯೇ, ಬುಧನಿಗಿಂತ ಒಳಗೆ ಇನ್ನೊಂದು ಗ್ರಹವಿರಬೇಕೆಂದ. ಅದೇ ಬಗೆಯ ತರ್ಕದಿಂದ ಅವನು 1846ರಲ್ಲಿ ನೆಪ್ಚೂನ್ ಇರುವ ಜಾಗವನ್ನು ಹೇಳಿ ಗೆದ್ದಿದ್ದ. ಈ ಸಲ ಗ್ರಹ ಸಿಗಲಿಲ್ಲ.

ಆಗ ಆಸಫ್ ಹಾಲ್ ಎಂಬ ಖಗೋಳಜ್ಞ 1894ರಲ್ಲಿ ಬುಡಕ್ಕೇ ಕೈಹಾಕಿದ. ವಿಲೋಮ ವರ್ಗ ಎಂದರೆ ಘಾತ 2. ಅದು 2 ಅಲ್ಲ, 2.00000016 ಆಗಿದ್ದರೆ? ಲೆಕ್ಕ ಮಾಡಿ ನೋಡಿ. ಕಕ್ಷೆ ಒಂದು ಸುತ್ತಿಗೆ 0.104 ಆರ್ಕ್ ಸೆಕೆಂಡ್ ಹೆಚ್ಚು ತಿರುಗುತ್ತದೆ. 88 ದಿನಗಳಿಗೊಂದು ಸುತ್ತು ಬರುವ ಬುಧ ಶತಮಾನದಲ್ಲಿ 415 ಸುತ್ತು ಮುಗಿಸುತ್ತದೆ. ಗುಣಿಸಿದರೆ 43. ಎಷ್ಟು ಅಚ್ಚುಕಟ್ಟು! ಆದರೆ ನಿಯಮ ಬುಧನಿಗೊಂದು, ಚಂದ್ರನಿಗೊಂದು ಇರಲಾರದು. ಚಂದ್ರ ಶತಮಾನದಲ್ಲಿ 1337 ಸುತ್ತು ಬರುತ್ತಾನೆ. ಹಾಲ್ ಹೇಳಿದ ಘಾತ ಸರಿಯಾಗಿದ್ದರೆ ಚಂದ್ರನ ಕಕ್ಷೆ ಶತಮಾನಕ್ಕೆ ಸುಮಾರು 140 ಆರ್ಕ್ ಸೆಕೆಂಡ್ ಹೆಚ್ಚುವರಿ ತಿರುಗಬೇಕು. ಅರ್ನೆಸ್ಟ್ ಬ್ರೌನ್ ಚಂದ್ರನ ಚಲನೆಯನ್ನು ಹೊಸದಾಗಿ ಲೆಕ್ಕ ಮಾಡಿ, ಅಷ್ಟಕ್ಕೆ ಜಾಗವೇ ಇಲ್ಲವೆಂದು 1903ರಲ್ಲಿ ತೋರಿಸಿದ. ಕ್ಲೇರೋನ ಚಂದ್ರ ಮತ್ತೆ ನ್ಯೂಟನ್ನನ ಪರ ಸಾಕ್ಷಿ ಹೇಳಿದ.

1915ರ ನವೆಂಬರಿನಲ್ಲಿ ಐನ್‌ಸ್ಟೈನ್ ತನ್ನ ಹೊಸ ಸಮೀಕರಣಗಳಿಂದ ಬುಧನ ಲೆಕ್ಕ ಮಾಡಿದ. ತಿರುಗಿಸಿ ಸರಿಹೊಂದಿಸಲು ಯಾವ ಸಂಖ್ಯೆಯೂ ಅದರಲ್ಲಿ ಇರಲಿಲ್ಲ. ಬಂದದ್ದು 43. ಕೆಲವು ದಿನ ಸಂತೋಷದಲ್ಲಿ ತನಗೆ ಮೈಮೇಲೆ ಪರಿವೆ ಇರಲಿಲ್ಲ ಎಂದು ಆಮೇಲೆ ಗೆಳೆಯನಿಗೆ ಬರೆದ. ಚಂದ್ರನಿಗೂ ಇದೇ ಸಮೀಕರಣ ಅನ್ವಯಿಸುತ್ತದೆ, ಆದರೆ ಭೂಮಿಯ ಸೆಳೆತ ಸೂರ್ಯನದರ ಮುಂದೆ ಎಷ್ಟು ಕ್ಷೀಣವೆಂದರೆ ಅಲ್ಲಿ ಬರುವ ತಿದ್ದುಪಡಿ ತೀರಾ ಚಿಕ್ಕದು. ಬುಧನನ್ನು ಸರಿಮಾಡುವಾಗ ಚಂದ್ರನನ್ನು ಕೆಡಿಸಲಿಲ್ಲ.

ಹಾಗಾದರೆ ಎಲ್ಲವೂ ಮುಗಿಯಿತೇ? ಇಲ್ಲ. ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ಆಂಡ್ರೊಮಿಡಾ ಗೆಲಾಕ್ಸಿಯ ಹೊರ ಅಂಚಿನ ವೇಗಗಳನ್ನು ಅಳೆದು ಪ್ರಕಟಿಸಿದರು. ಕಾಣುವ ದ್ರವ್ಯದ ಸೆಳೆತಕ್ಕೆ ತಕ್ಕಂತೆ ಅವು ಇಳಿಯುತ್ತಿರಲಿಲ್ಲ. ಹೆಚ್ಚಿನ ವಿಜ್ಞಾನಿಗಳು ಅಲ್ಲಿ ಕಾಣದ ದ್ರವ್ಯವಿದೆ ಎನ್ನುತ್ತಾರೆ. ಮೊರ್ಡೆಹೈ ಮಿಲ್‌ಗ್ರಾಮ್ 1983ರಲ್ಲಿ, ದ್ರವ್ಯ ಅಷ್ಟೇ ಇದೆ, ಸೆಳೆತ ಬಹಳ ಕ್ಷೀಣವಾದಾಗ ನಿಯಮವೇ ಬದಲಾಗುತ್ತದೆ ಎಂದರು. ಎಷ್ಟು ಕ್ಷೀಣ ಎಂದರೆ, ಭೂಮಿ ಚಂದ್ರನಿಗೆ ಕೊಡುವ ವೇಗೋತ್ಕರ್ಷದ ಸುಮಾರು ಎರಡು ಕೋಟಿಯಲ್ಲಿ ಒಂದು ಪಾಲು. ಆ ಒಂದೇ ಸಂಖ್ಯೆಯಿಂದ ಹಲವಾರು ಗೆಲಾಕ್ಸಿಗಳ ಚಲನೆ ಅಚ್ಚರಿಯಾಗುವಷ್ಟು ಸರಿಹೋಗುತ್ತದೆ, ಗೆಲಾಕ್ಸಿಗಳ ಗುಂಪುಗಳಿಗೆ ಬಂದಾಗ ಸೋಲುತ್ತದೆ. ನಾನು ಕಾಣದ ದ್ರವ್ಯದ ಕಡೆಗೇ ವಾಲುತ್ತೇನೆ. ಆದರೆ ಆ ದ್ರವ್ಯದ ಕಣ ಇನ್ನೂ ಯಾರ ಕೈಗೂ ಸಿಕ್ಕಿಲ್ಲ, ಹಾಗಾಗಿ ಮಿಲ್‌ಗ್ರಾಮ್ ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ.

ನಿಮ್ಮ ಮಾದರಿಯನ್ನು ಮುಂದುವರಿಸುವುದಾದರೆ ಮೊದಲು ಎರಡು ಲೆಕ್ಕ ಮಾಡಿ ಕಳುಹಿಸಿ. ನಿಮ್ಮ ಕಣಗಳ ವೇಗವನ್ನು ಒಂದು ಸಂಖ್ಯೆಯಾಗಿ ಬರೆದು, ಆ ವೇಗದಲ್ಲಿ ಭೂಮಿಯ ವರ್ಷದ ಉದ್ದ ಸಾವಿರ ವರ್ಷಗಳಲ್ಲಿ ಎಷ್ಟು ಬದಲಾಗುತ್ತದೆಂದು ತೋರಿಸಿ. ಅದೇ ವೇಗಕ್ಕೆ ಭೂಮಿ ಪ್ರತಿ ಸೆಕೆಂಡಿಗೆ ಎಷ್ಟು ಬಿಸಿಯಾಗುತ್ತದೆಂದೂ ಬರೆಯಿರಿ. ಎರಡೂ ಒಟ್ಟಿಗೆ ಸಹಿಸಬಹುದಾದಷ್ಟು ಚಿಕ್ಕದಾಗುವ ವೇಗ ಒಂದಾದರೂ ನಿಮಗೆ ಸಿಕ್ಕರೆ, ಆ ಪುಟವನ್ನು ನಾನು ಸಾಲು ಸಾಲಾಗಿ ತಾಳೆ ನೋಡುತ್ತೇನೆ.